ಡೈರಿಗೆ ಹೋಗದ ಅಪ್ಪಯ್ಯನಿಗೆ

ಟೊರಾಂಟೊ, ಭಾನುವಾರ

ತೀರ್ಥರೂಪ ಅಪ್ಪಯ್ಯನವರ ಪಾದಗಳಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಿಸುವುದು.

ಫೋನಿನಲ್ಲಿ ಈ ವಿಷಯ ಎತ್ತಿದರೆ ನೀವು "ಅದು ಬಿಡು, ಅಲ್ಲಿ ಚಳಿ ಎಷ್ಟಿದೆ" ಎಂದು ಮಾತು ತಿರುಗಿಸುತ್ತೀರಿ, ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ದೊಡ್ಡಪ್ಪನ ಮನೆಯವರು ಗೃಹಪ್ರವೇಶಕ್ಕೆ ಕರೆಯಲು ಊರಿನ ಮನೆಮನೆಗೂ ಹೋಗಿ, ನಮ್ಮ ದಣಪೆಯ ಎದುರಿನಿಂದಲೇ ದಾಟಿ ಹೋದರೆಂದೂ, ಅಂದಿನಿಂದ ನೀವು ಹಾಲಿನ ಡೈರಿಗೆ ಹೋಗುವುದನ್ನು ಬಿಟ್ಟು ಕ್ಯಾನನ್ನು ಕೆಲಸದ ಹುಡುಗನ ಕೈಯಲ್ಲಿ ಕಳಿಸುತ್ತಿದ್ದೀರೆಂದೂ ಅಮ್ಮ ಹೇಳಿದಳು. ಸೊಪ್ಪಿನಬೆಟ್ಟದ ತಕರಾರಿನಲ್ಲಿ ತಪ್ಪು ಯಾರದೆಂದು ನಾನು ಇಲ್ಲಿ ಕುಳಿತು ತೀರ್ಮಾನ ಮಾಡುವುದಿಲ್ಲ. "ಕರೆಯದಿದ್ದರೆ ನನಗೇನು ನಷ್ಟ" ಎಂದು ನೀವು ಹೇಳಿದಿರಂತಲ್ಲ, ಆ ಒಂದು ಮಾತಿನ ಬಗ್ಗೆ ಮಾತ್ರ ನನಗೆ ಹೇಳುವುದಿದೆ, ಏಕೆಂದರೆ ಅದೇ ಮಾತನ್ನು ಜನವರಿಯಿಡೀ ನಾನೂ ನನಗೇ ಹೇಳಿಕೊಂಡೆ.

ನಮ್ಮ ಆಫೀಸಿನಲ್ಲಿ ಐದು ಜನ ಪ್ರತಿ ಶುಕ್ರವಾರ ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಹೋಗುತ್ತಿದ್ದೆವು. ಹೊಸ ವರ್ಷದ ನಂತರ ಯಾರೂ ಏನೂ ಹೇಳಲಿಲ್ಲ, ಎಲ್ಲರೂ ಬಿಡುವಿಲ್ಲದೆ ಇರಬೇಕೆಂದುಕೊಂಡೆ. ಇಲ್ಲಿ ಪೇಟೆಯ ಕಟ್ಟಡಗಳನ್ನೆಲ್ಲ ಜೋಡಿಸುವ, ಪಾತ್ ಎಂದು ಕರೆಯುವ 30 ಕಿಲೋಮೀಟರಿಗೂ ಮಿಕ್ಕಿದ ನೆಲದಡಿಯ ದಾರಿಯಿದೆ. ಒಂದು ಶುಕ್ರವಾರ ಅಲ್ಲಿ ಹೋಗುವಾಗ ಆ ನಾಲ್ವರೂ ಕೈಯಲ್ಲಿ ಒಂದೇ ಬಗೆಯ ಕಾಗದದ ಲೋಟ ಹಿಡಿದು ಎದುರಿಗೆ ಬಂದರು. ಒಬ್ಬ ನನ್ನನ್ನು ನೋಡಿ ಲೋಟವನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡ, ಅಷ್ಟೇ ನಡೆದದ್ದು. ಸೋಮವಾರ ನಾನು ಕೋಡುಬಳೆ ಡಬ್ಬಿ ಒಯ್ದು ಎಲ್ಲರ ಮೇಜಿಗೂ ಹಂಚಿದೆ, ಅವರ ತಮಾಷೆ ಮುಗಿಯುವ ಮೊದಲೇ ನಕ್ಕೆ. ಅದರಿಂದ ಏನೂ ಆಗದಿದ್ದಾಗ, ಎರಡು ವಾರದ ನಂತರ ಅವರಲ್ಲೊಬ್ಬನ ಸಣ್ಣ ತಪ್ಪಿಗೆ ನಾಲ್ಕು ಜನ ಓದುವಂತೆ ಖಾರವಾದ ಇಮೇಲ್ ಬರೆದೆ. ಹಾಗೆ ಬರೆದವನು ನಾನೇನಾ ಎಂದು ರಾತ್ರಿ ನನಗೇ ಅನುಮಾನವಾಯಿತು.

ಆಗ ಈ ವಿಷಯವನ್ನು ಓದತೊಡಗಿದೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ ಒಮ್ಮೆ ತಮ್ಮ ನಾಯಿಯೊಂದಿಗೆ ಪಾರ್ಕಿನಲ್ಲಿ ಕುಳಿತಿದ್ದಾಗ, ಅಪರಿಚಿತರಿಬ್ಬರು ಆಡುತ್ತಿದ್ದ ಫ್ರಿಸ್ಬಿ ತಟ್ಟೆ ಇವರ ಕಾಲ ಬಳಿ ಬಂದು ಬಿತ್ತು. ಇವರು ಹಿಂದಕ್ಕೆ ಎಸೆದರು, ಅವರು ಇವರನ್ನೂ ಆಟಕ್ಕೆ ಸೇರಿಸಿಕೊಂಡರು, ಸ್ವಲ್ಪ ಹೊತ್ತಿನಲ್ಲೇ ಕಾರಣ ಹೇಳದೆ ಇವರತ್ತ ಎಸೆಯುವುದನ್ನು ನಿಲ್ಲಿಸಿಬಿಟ್ಟರು. ಹೆಸರೂ ಗೊತ್ತಿಲ್ಲದವರ ಆಟ ತಪ್ಪಿದ್ದಕ್ಕೆ ಇಷ್ಟು ನೋವೇಕೆ ಎಂಬ ಆಶ್ಚರ್ಯದಿಂದ ಅವರು ಕಂಪ್ಯೂಟರಿನ ಮೇಲೆ ಮೂವರು ಚೆಂಡು ಎಸೆದಾಡುವ ಆಟವೊಂದನ್ನು ಪ್ರಯೋಗಕ್ಕೆ ಬಳಸಿದರು. ಅದರಲ್ಲಿ ಉಳಿದಿಬ್ಬರು ಬೇಕೆಂದೇ ಒಬ್ಬನನ್ನು ಬಿಟ್ಟು ಆಡುತ್ತಾರೆ. 2000ರಲ್ಲಿ ಪ್ರಕಟವಾದ ಇಂಥದ್ದೊಂದು ಅಧ್ಯಯನದಲ್ಲಿ 62 ದೇಶಗಳ 1,486 ಜನರಿದ್ದರು. ಕೆಲವೇ ನಿಮಿಷಗಳ ಆಟದಲ್ಲಿ ಹಾಗೆ ಹೊರಗುಳಿದವರು ತಮಗೆ ಯಾರೂ ಇಲ್ಲವೆಂದೂ, ತಮ್ಮ ಕೈಯಲ್ಲಿ ಏನೂ ಇಲ್ಲವೆಂದೂ ಅನ್ನಿಸಿತೆಂದರು. ಮುಂದೆ ನಡೆದ ಪ್ರಯೋಗಗಳಲ್ಲಿ, ಎದುರಿಗಿರುವುದು ಬರಿಯ ಕಂಪ್ಯೂಟರ್ ಎಂದು ಮೊದಲೇ ತಿಳಿಸಿದಾಗಲೂ, ಚೆಂಡು ಬಂದಷ್ಟೂ ಹಣ ಕಡಿತವಾಗುವಂತೆ ಮಾಡಿದಾಗಲೂ ನೋವು ತಪ್ಪಲಿಲ್ಲ. 2007ರಲ್ಲಿ ಆಸ್ಟ್ರೇಲಿಯದಲ್ಲಿ, ತಾವು ಹೇಸುವ ಜನಾಂಗದ್ವೇಷಿ ಗುಂಪಿನವರೇ ತಮ್ಮನ್ನು ಆಟದಿಂದ ಬಿಟ್ಟರೆಂದು ನಂಬಿದವರಿಗೂ ನೋವಾಯಿತು. ಅಂದಮೇಲೆ ಒಂದೇ ಬಾವಿಯ ನೀರು ಕುಡಿದು ಬೆಳೆದ ಅಣ್ಣ ಕರೆಯದಿದ್ದರೆ ನಷ್ಟವೇನೂ ಇಲ್ಲವೆಂಬ ನಿಮ್ಮ ಮಾತನ್ನು ನಾನು ಹೇಗೆ ನಂಬಲಿ?

ಚಳಿ ಕೇಳುತ್ತೀರಲ್ಲ, ಇದೇ ಊರಿನ ವಿಶ್ವವಿದ್ಯಾಲಯದ ಇಬ್ಬರು 2008ರಲ್ಲಿ ಪ್ರಕಟಿಸಿದಂತೆ, ತಮ್ಮನ್ನು ಯಾರೋ ದೂರವಿಟ್ಟದ್ದನ್ನು ನೆನೆದವರು, ಸೇರಿಸಿಕೊಂಡದ್ದನ್ನು ನೆನೆದವರಿಗಿಂತ, ತಾವು ಕುಳಿತ ಕೋಣೆ ಹೆಚ್ಚು ತಣ್ಣಗಿದೆಯೆಂದು ಅಂದಾಜು ಮಾಡಿದರಂತೆ. ಸಣ್ಣ ಪ್ರಯೋಗ, ಪೂರ್ತಿ ನಂಬಬೇಕೆಂದಿಲ್ಲ. ಆದರೆ ಆ ತಿಂಗಳು ನಾನು ಕುಡಿದ ಮೆಣಸಿನ ಕಷಾಯಕ್ಕೆ ಲೆಕ್ಕವಿಲ್ಲ.

ಅದೇ ವರ್ಷದ ಇನ್ನೊಂದು ಅಧ್ಯಯನ ಓದುವಾಗ ನಿಮ್ಮ ಮುಖವೇ ಕಣ್ಣೆದುರು ಬಂತು. ಮೈಗಾದ ನೋವನ್ನು ನೆನೆದರೆ ಅದು ಮರಳಿ ಅಷ್ಟಾಗಿ ನೋಯುವುದಿಲ್ಲ, ಜನರಿಂದ ಆದ ನೋವು ನೆನೆದಾಗಲೆಲ್ಲ ಮತ್ತೆ ನೋಯುತ್ತದೆ ಎಂಬುದು ಅದರ ಫಲ. ನಾನು ಏಳನೆಯ ತರಗತಿಯಲ್ಲಿದ್ದಾಗ ನೀವು ಅಡಿಕೆ ಚಪ್ಪರದ ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡದ್ದನ್ನು ಇಂದಿಗೂ ನಗುತ್ತಲೇ ಹೇಳುತ್ತೀರಿ. ಯಾರದೋ ಮದುವೆಯಲ್ಲಿ ಎಲೆಯ ಮುಂದಿನಿಂದ ಎಬ್ಬಿಸಿದ್ದನ್ನು ಹೇಳುವಾಗ ಮಾತ್ರ ಅರ್ಧಕ್ಕೇ ನಿಲ್ಲಿಸಿ ಕವಳದ ಬಟ್ಟಲು ಹುಡುಕುತ್ತೀರಿ.

ಆ ಮೊದಲ ಚುಚ್ಚು ಯಾರಿಗೂ ತಪ್ಪದು, ಮುಂದಿನ ನಡೆ ಒಬ್ಬೊಬ್ಬರದು ಒಂದೊಂದು ಬಗೆ ಎನ್ನುತ್ತಾರೆ ವಿಲಿಯಮ್ಸ್. ಕೆಲವರು ಮತ್ತೆ ಸೇರಿಸಿಕೊಳ್ಳಲೆಂದು ಅತಿ ಒಳ್ಳೆಯವರಾಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ, ದೂರವಿಟ್ಟದ್ದು ಬಹುಕಾಲ ಮುಂದುವರಿದಾಗ ಕೈಚೆಲ್ಲಿ ಒಳಗೆ ಸೇರಿಕೊಳ್ಳುವವರೂ ಇದ್ದಾರೆ. ಮೊದಲೆರಡನ್ನು ನಾನು ಒಂದೇ ತಿಂಗಳಲ್ಲಿ ಮಾಡಿ ಮುಗಿಸಿದೆ. ನೀವು ಎರಡನ್ನೂ ಬಿಟ್ಟು ನೇರವಾಗಿ ಮೂರನೆಯದಕ್ಕೆ ಹೋಗಿದ್ದೀರಿ.

ನಾಚಿಕೆಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಮ್ಮದೇ ಮಹಡಿಯಲ್ಲಿ ಫಿಲಿಪ್ಪೀನ್ಸಿನವರೊಬ್ಬರು ಕಿಟಕಿಯ ಬಳಿ ಒಬ್ಬರೇ ಡಬ್ಬಿ ಬಿಚ್ಚುತ್ತಾರೆ. ಎರಡು ವರ್ಷದಿಂದ ಹಾಗೆಯೇ ಅಂತೆ. ನಾನು ಆ ಐವರಲ್ಲಿ ಒಬ್ಬನಾಗಿದ್ದಾಗ ಅವರು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ದೊಡ್ಡಪ್ಪ ದಣಪೆ ದಾಟಿದ್ದು ಬೇಕೆಂದೇ ಎಂಬುದರಲ್ಲಿ ಸಂಶಯವಿಲ್ಲ, ಅದನ್ನು ಇದಕ್ಕೆ ಹೋಲಿಸುತ್ತಿಲ್ಲ. ಈಗ ಶುಕ್ರವಾರ ನಾವಿಬ್ಬರೂ ಒಟ್ಟಿಗೆ ಕೂರುತ್ತೇವೆ, ಹೆಚ್ಚು ಮಾತೇನೂ ಇರುವುದಿಲ್ಲ.

ಡೈರಿಯಲ್ಲಿ ಬೆಳಗಿನ ಹೊತ್ತು ಸೇರುವವರು ದೊಡ್ಡಪ್ಪನ ಮನೆಯವರಷ್ಟೇ ಅಲ್ಲವಲ್ಲ. "ಹೆಗಡೇರಿಗೆ ಹುಷಾರಿಲ್ವಾ" ಎಂದು ಉಳಿದವರು ದಿನವೂ ಹುಡುಗನನ್ನು ಕೇಳುತ್ತಾರೆಂದೂ, ಅವನು ಏನು ಹೇಳಬೇಕೆಂದು ತಿಳಿಯದೆ ತಲೆಯಾಡಿಸಿ ಬರುತ್ತಾನೆಂದೂ ಅಮ್ಮ ಹೇಳಿದಳು. ಈ ಕಾಗದ ತಲುಪಿದ ಮಾರನೆಯ ದಿನ ಕ್ಯಾನನ್ನು ನೀವೇ ಹಿಡಿದು ಹೊರಡಿ. ದೊಡ್ಡಪ್ಪ ಅಲ್ಲಿದ್ದರೆ ಮಾತಾಡಲೇಬೇಕೆಂದಿಲ್ಲ. ಹಾಲು ಅಳೆಸಿ, ಪುಸ್ತಕದಲ್ಲಿ ಬರೆಸಿಕೊಂಡು, ಕೇಳಿದವರಿಗೆ ಹುಷಾರಾಗಿದ್ದೇನೆಂದು ಹೇಳಿ ಬನ್ನಿ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸುವುದು.

ಇಂತಿ ನಿಮ್ಮ ಮಗ