ಕೂಲಿಯ ಲೆಕ್ಕ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸಂಘದ ಛಾವಣಿ ಕೆಲಸಗಾರರಿಗೆ ಚದರಡಿ ಲೆಕ್ಕದ ಕೂಲಿ ಇರುವುದಿಲ್ಲ. ಎಲ್ಲರಿಗೂ ತಿಂಗಳ ಸಂಬಳ ಕೊಡುತ್ತೇವೆ. ಇದರಿಂದ ನಿಮ್ಮ ಬಿಲ್ಲಿನಲ್ಲಿ ಕೆಲಸದ ಕೂಲಿ ಶೇ. 12ರಷ್ಟು ಹೆಚ್ಚುತ್ತದೆ. ಹೆಂಚು, ಶೀಟು, ಸ್ಕ್ರೂಗಳ ದರಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚು ಹಣ ಕೇಳುವವರು ಕಾರಣವನ್ನೂ ಹೇಳಬೇಕು. ಅದಕ್ಕೇ ಈ ಪತ್ರ.

ಚದರಡಿ ಲೆಕ್ಕದಲ್ಲಿ ಬೇಗ ಮುಗಿಸಿದವನಿಗೆ ಹೆಚ್ಚು ದುಡ್ಡು. ಛಾವಣಿಗೆ ಇದು ಒಗ್ಗುವ ಲೆಕ್ಕವಲ್ಲ. ತಗಡಿನ ಶೀಟಿಗೆ ಹಾಕುವ ಒಂದು ಸ್ಕ್ರೂವನ್ನೇ ನೋಡಿ. ಅದರ ತಲೆಯ ಕೆಳಗೆ ರಬ್ಬರಿನ ವಾಷರ್ ಇರುತ್ತದೆ. ವಾಷರಿನ ಅಂಚು ತುಸುವೇ ಉಬ್ಬುವಷ್ಟು ಬಿಗಿದರೆ ಸಾಕು. ಇನ್ನೊಂದು ಸುತ್ತು ಹೆಚ್ಚಾದರೆ ರಬ್ಬರು ಹಿಂಡಿಹೋಗಿ ಸೀಳುತ್ತದೆ, ಶೀಟು ತಗ್ಗಾಗಿ ಅಲ್ಲಿ ನೀರು ನಿಲ್ಲುತ್ತದೆ. ಸ್ಕ್ರೂ ಓರೆಯಾಗಿ ಇಳಿದರೆ ಒಂದು ಬದಿ ಬಾಯಿ ಬಿಟ್ಟಿರುತ್ತದೆ. ಕೆಳಗೆ ನಿಂತವರಿಗೆ ಮೂರೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಕೆಲವು ಮಳೆಗಾಲ ಕಳೆದು ಒಳಗೆ ಕಲೆ ಮೂಡಿದಾಗ. ಒಂದು ಸಾಧಾರಣ ಛಾವಣಿಗೇ ಇಂಥ ನೂರಾರು ಸ್ಕ್ರೂ ಬೇಕು. ಪ್ರತಿಯೊಂದನ್ನೂ ಗಮನವಿಟ್ಟು ಬಿಗಿಯಬೇಕೆಂದರೆ ಕೆಲಸಗಾರನ ಮನಸ್ಸಿನಲ್ಲಿ ಚದರಡಿಯ ಲೆಕ್ಕ ಓಡುತ್ತಿರಬಾರದು.

ಅವಸರದಿಂದ ಕೆಡುವುದು ಛಾವಣಿಯಷ್ಟೇ ಅಲ್ಲ, ಜೀವಗಳೂ ಹೋಗುತ್ತವೆ. ಕಟ್ಟಡ ಕೆಲಸದ ಸಾವುಗಳಿಗೆ ಎತ್ತರದಿಂದ ಬೀಳುವುದು ಮುಖ್ಯ ಕಾರಣ. ಅಮೆರಿಕದ ನಿಯಮಗಳಲ್ಲಿ 6 ಅಡಿ ಎತ್ತರದಿಂದಲೇ ಬೀಳದಂತೆ ತಡೆಯುವ ಏರ್ಪಾಡು ಕಡ್ಡಾಯ. ಚದರಡಿ ಕೂಲಿಯವನಿಗೆ ಸಾರುವೆ ಕಟ್ಟುವ, ಬೆಲ್ಟಿನ ಹಗ್ಗ ಭದ್ರಪಡಿಸುವ ಹೊತ್ತಿಗೆ ಬಿಡಿಗಾಸೂ ಇಲ್ಲ. ಮಳೆಯ ದಿನ ಗಳಿಕೆಯೇ ಇಲ್ಲದ್ದರಿಂದ ಒದ್ದೆ ಇಳಿಜಾರಿನ ಮೇಲೂ ಹತ್ತುತ್ತಾನೆ. ಇನ್ನು ಮುಂದೆ ಅಂಥ ದಿನಕ್ಕೂ ಸಂಬಳವಿದೆ. ಅಂದು ನಮ್ಮವರು ಹತ್ತುವುದಿಲ್ಲ ಎಂದರೆ ದಯವಿಟ್ಟು ಒತ್ತಾಯಿಸಬೇಡಿ.

ಈ ಕಸುಬಿಗೆ ಹೊಸಬರು ಬರುವುದು ಕಡಿಮೆ, ಬಂದವರೂ ನಿಲ್ಲುವುದಿಲ್ಲ. ಅವರನ್ನು ದೂರುವ ಮನಸ್ಸು ನಮಗಿಲ್ಲ. ಹತ್ತು ವರ್ಷ ಹೆಂಚು ಹೊತ್ತರೂ ಅದೇ ಕೂಲಿ, ಮಂಡಿ ಸೊಂಟ ಸೋತ ಮೇಲೆ ಮನೆಯ ದಾರಿ ಎನ್ನುವ ಕೆಲಸಕ್ಕೆ ಯಾರು ತಾನೇ ಮಕ್ಕಳನ್ನು ಕಳುಹಿಸುತ್ತಾರೆ? ಜರ್ಮನಿಯಲ್ಲಿ ಛಾವಣಿ ಕೆಲಸಕ್ಕೆ 3 ವರ್ಷದ ತರಬೇತಿ ಇದೆ, ಕಲಿಯುವಾಗಲೇ ಭತ್ಯೆಯೂ ಸಿಗುತ್ತದೆ. ಮುಂದೆ ಮೇಸ್ತ್ರಿ ಪರೀಕ್ಷೆ ಪಾಸಾದವರು ಸ್ವಂತ ಸಂಸ್ಥೆ ನಡೆಸಬಹುದು. ನಮ್ಮದು ಸಣ್ಣ ಸಂಘ. ಆದರೂ ಕಲಿಯುವವರು, ನುರಿತವರು, ತಂಡದ ಮೇಸ್ತ್ರಿ ಎಂದು ಹಂತಗಳನ್ನು ಮಾಡಿ, ಪ್ರತಿ ಹಂತಕ್ಕೂ ಸಂಬಳ ಏರುವಂತೆ ನಿಗದಿಪಡಿಸಿದ್ದೇವೆ. ಮೈ ದಣಿದ ಹಿರಿಯರಿಗೆ ಅಳತೆ, ಅಂದಾಜು ಪಟ್ಟಿ, ಸೋರಿಕೆ ತಪಾಸಣೆ, ಹೊಸಬರಿಗೆ ಕಲಿಸುವ ಕೆಲಸ. ಸೋರಿಕೆಯ ಮೂಲ ಅನೇಕ ಸಲ ಕಲೆ ಕಂಡ ಜಾಗದಲ್ಲಿರುವುದಿಲ್ಲ. ನೀರು ರೀಪಿನ ಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಅದನ್ನು ಹುಡುಕುವ ಕಣ್ಣು ವರ್ಷಗಳ ಅನುಭವದಿಂದ ಬಂದದ್ದು. ಅಂಥವರನ್ನು ಮನೆಗೆ ಕಳುಹಿಸಿದರೆ ನಷ್ಟ ನಿಮಗೂ ಹೌದು. ಸೌರ ಫಲಕ ಕೂರಿಸುವುದನ್ನೂ ನಮ್ಮವರಿಗೆ ಕಲಿಸುತ್ತೇವೆ. ಫಲಕ 25 ವರ್ಷ ಬಾಳುವುದಾದರೆ ಅದಕ್ಕೆಂದು ಕೊರೆದ ತೂತು ಅಷ್ಟು ಕಾಲವೂ ಸೋರಬಾರದು.

ಇನ್ನು ಮುಂದೆ ತಂಡದ ಜೊತೆ ಕಲಿಯುವವರೊಬ್ಬರು ಬರುತ್ತಾರೆ. ಅವರ ಕೆಲಸವನ್ನು ಮೇಸ್ತ್ರಿ ಪರಿಶೀಲಿಸಿಯೇ ಕೆಳಗಿಳಿಯುತ್ತಾರೆ. ಕೆಲಸ ಒಂದೆರಡು ದಿನ ಹೆಚ್ಚು ಹಿಡಿಯಬಹುದು. ಬಿಲ್ಲಿನಲ್ಲಿ ಸಾಮಗ್ರಿ, ಕೂಲಿ, ಸುರಕ್ಷತೆಯ ವೆಚ್ಚ ಬೇರೆ ಬೇರೆಯಾಗಿ ನಮೂದಾಗುತ್ತವೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಅನ್ವಯಿಸುತ್ತದೆ. ಅಂದಾಜು ಪಟ್ಟಿಯನ್ನಷ್ಟೇ ಪಡೆದಿರುವವರು ಈ ತಿಂಗಳ ಕೊನೆಯೊಳಗೆ ಕಚೇರಿಗೆ ತಿಳಿಸಿದರೆ ಅವರಿಗೂ ಅದೇ ದರ.

ಇಂತಿ,
ಛಾವಣಿ ಕೆಲಸಗಾರರ ಸಹಕಾರ ಸಂಘದ ಪರವಾಗಿ,
ಕಾರ್ಯದರ್ಶಿ