ಶ್ವೇತಾಗೆ, ಕೂಸಿನ ಲಂಗೋಟಿಯ ಬಗ್ಗೆ

ಮುಲುಂಡ್, ಮುಂಬೈ

ಪ್ರೀತಿಯ ಶ್ವೇತಾ,

ಮೊನ್ನೆ ಫೋನಿನಲ್ಲಿ 24 ಬಟ್ಟೆ ಡೈಪರ್‌ಗಳ ಸೆಟ್ ತರಿಸುತ್ತೇನೆ ಅಂದೆಯಲ್ಲ, ಅದನ್ನು ಸದ್ಯಕ್ಕೆ ತರಿಸಬೇಡ. ಒಂದಕ್ಕೆ 400 ರೂಪಾಯಿ ಹಿಡಿದರೂ 9,600 ಆಯಿತು. ಬಾಡಿಗೆ ಮನೆ, ಹೆರಿಗೆ ಖರ್ಚು ಬೇರೆ. ಅಷ್ಟು ದುಡ್ಡು ಒಮ್ಮೆಲೇ ಯಾಕೆ ಹಾಕುತ್ತೀ? ಮೇಲಾಗಿ ಎಲ್ಲ ಮಕ್ಕಳಿಗೂ ಒಂದೇ ಅಳತೆ ಅನ್ನುವ ಆ ಡೈಪರ್ ಎಳೆಗೂಸಿನ ಸಣ್ಣ ತೊಡೆಗೆ ದೊಗಳೆಯಾಗಿ ಸೋರುತ್ತದೆ.

ಮೊದಲ ಎರಡು ತಿಂಗಳು ಲಂಗೋಟಿಯೇ ಸಾಕು. ಕೂಸು ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆ ಮಾಡುತ್ತದೆ. ನಿನಗೆ ಮಳೆಗಾಲದಲ್ಲೇ ಹೆರಿಗೆ, ಹಾಗಾಗಿ 30 ತುಂಡು ಇರಲಿ. ಅಮ್ಮನ ಹಳೇ ಕಾಟನ್ ಸೀರೆ, ಅಜ್ಜನ ಪಂಚೆ ಕೇಳಿ ತಗೋ. ಒಗೆದು ಒಗೆದು ಮೆತ್ತಗಾದ ಬಟ್ಟೆ ಹೊಸ ಬಟ್ಟೆಗಿಂತ ಚೆನ್ನಾಗಿ ಹೀರುತ್ತದೆ. ಕಡಿಮೆ ಬಿದ್ದರೆ ನಾನು ಮಂಗಲ್‌ದಾಸ್ ಮಾರ್ಕೆಟ್‌ನಿಂದ ಮಲ್‌ಮಲ್ ತರುತ್ತೇನೆ. ಹೊಸ ಬಟ್ಟೆಯನ್ನು ಮಾತ್ರ ನಾಲ್ಕೈದು ಸಲ ಒಗೆದೇ ಕೂಸಿಗೆ ಕಟ್ಟಬೇಕು.

ತೆಳ್ಳಗಿನ ಬಟ್ಟೆಯನ್ನೇ ಯಾಕೆ ಹಿಡಿದುಕೊಂಡಿದ್ದೇನೆ ಗೊತ್ತಾ? 2005ರ ಜುಲೈ 26. ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನಾವಾಗ ಕುರ್ಲಾದ ಚಾಳಿನಲ್ಲಿ ಮೂರನೇ ಮಹಡಿಯಲ್ಲಿದ್ದೆವು. ನಮ್ಮ ನಿಖಿಲ್ ಹುಟ್ಟಿ 20 ದಿನ. ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ದಪ್ಪ ಟರ್ಕಿ ಟವೆಲ್‌ನಲ್ಲಿ ಹೊಲಿಸಿದ್ದ ಒಂದು ಡಜನ್ ಲಂಗೋಟಿ ಇತ್ತು, ಭಾರಿ ಹೆಮ್ಮೆಯಿಂದ ಹೊಲಿಸಿದ್ದೆ. ಎರಡು ದಿನವಾದರೂ ಒಂದೂ ಒಣಗಲಿಲ್ಲ, ಮುಗ್ಗಲು ವಾಸನೆ ಬಂತು. ಕೊನೆಗೆ ಚಿಕ್ಕಪ್ಪ ತಮ್ಮ ಪಂಚೆಯನ್ನೇ ಹರಿದು ಕೊಟ್ಟರು. ಮಳೆನೀರು ಹಿಡಿದು ಅದರಲ್ಲಿ ಒಗೆದೆ. ಅವರು ಚೊಂಬಿಗೆ ಕುದಿಯುವ ನೀರು ತುಂಬಿ, ಅದನ್ನೇ ಇಸ್ತ್ರಿಯ ಹಾಗೆ ಉಜ್ಜಿ ಉಜ್ಜಿ ಒಣಗಿಸಿದರು. ಒಂದೇ ಪದರದ ಬಟ್ಟೆ, ಅದಕ್ಕೇ ಒಣಗಿತು. ಕಟ್ಟುವಾಗ ನಾಲ್ಕು ಮಡಿಕೆ ಮಾಡು, ಒಣಹಾಕುವಾಗ ಬಿಡಿಸಿ ಹಾಕು. ಹೊಲಿದ ದಪ್ಪ ಡೈಪರ್‌ನಲ್ಲಿ ಈ ಅನುಕೂಲ ಇಲ್ಲ.

ಕೂಸು ಸ್ವಲ್ಪ ತುಂಬಿಕೊಂಡ ಮೇಲೆ ನೀರು ಸೋರದ ಕವರ್ ನಾಲ್ಕು ತಗೋ. ಒಳಗೆ ಇದೇ ಲಂಗೋಟಿ ಮಡಚಿ ಇಟ್ಟರಾಯಿತು. ಕಕ್ಕ ಆಗದಿದ್ದರೆ ಕವರ್ ಒರೆಸಿ ಮತ್ತೆ ಹಾಕಬಹುದು. ಅದಕ್ಕೆ ಇಸ್ತ್ರಿ ಮುಟ್ಟಿಸಬೇಡ, ಒಳಗಿನ ಪದರ ಹಾಳಾಗುತ್ತದೆ. ಕವರ್ ಇದೆ ಅಂತ ಐದಾರು ಗಂಟೆ ಬಿಟ್ಟರೆ ಮಾತ್ರ ಚರ್ಮ ಕೆಂಪಗಾಗುತ್ತದೆ. ಎರಡು ಮೂರು ಗಂಟೆಗೊಮ್ಮೆ ನೋಡು, ಕಕ್ಕ ಮಾಡಿದರೆ ತಕ್ಷಣ ಬದಲಿಸು.

ಒಗೆಯುವಾಗ ಮೊದಲು ತಣ್ಣೀರಿನಲ್ಲಿ ಜಾಲಿಸು, ಆಮೇಲೆ ಸೋಪು. ನೊರೆ ಪೂರ್ತಿ ಹೋಗಬೇಕು, ಉಳಿದ ಸೋಪೇ ಎಷ್ಟೋ ಸಲ ಉರಿಗೆ ಕಾರಣ. ಬಟ್ಟೆ ಮೆತ್ತಗೆ ಮಾಡುವ ಲಿಕ್ವಿಡ್ ಹಾಕಲೇಬೇಡ, ಬಟ್ಟೆ ಹೀರುವುದು ಕಡಿಮೆಯಾಗುತ್ತದೆ. ಹಳದಿ ಕಲೆಗೆ ಬಿಸಿಲೇ ಮದ್ದು. ಮತ್ತೆ, ಈ ಒಗೆತ ನಿನ್ನ ಪಾಲಿಗೆ ಬರಬಾರದು. ಬಾಣಂತಿಯ ಸೊಂಟಕ್ಕೆ ಬಕೆಟ್ ಎತ್ತುವ ಶಕ್ತಿ ಎಲ್ಲಿರುತ್ತದೆ? ಅಳಿಯಂದಿರಿಗೆ ಈಗಲೇ ಹೇಳಿಡು, ಬೇಕಾದರೆ ನಾನೇ ಹೇಳುತ್ತೇನೆ.

ಡಾಕ್ಟರ್ ಹತ್ತಿರ ಹೋಗುವಾಗ, ರಾತ್ರಿ ನಿನಗೆ ನಿದ್ದೆ ಬೇಕಾದಾಗ ಅಂಗಡಿ ಡೈಪರ್ ಹಾಕು, ತಪ್ಪೇನಿಲ್ಲ. ಒಂದಕ್ಕೆ 10 ರೂಪಾಯಿ ಅಂದುಕೊಂಡರೂ ದಿನಕ್ಕೆ ಎಂಟರ ಬದಲು ಎರಡು ಹಾಕಿದರೆ ತಿಂಗಳಿಗೆ 1,800 ಉಳಿಯುತ್ತದೆ. ಬಳಸಿದ್ದನ್ನು ಪೇಪರ್‌ನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆ ಕೊಡು. ನಿಮ್ಮ ಪುಣೆಯಲ್ಲಿ ಮನೆಬಾಗಿಲಿಗೆ ಬರುವ ಸ್ವಚ್ಛ್ ಸಂಸ್ಥೆಯ ಹೆಂಗಸರು ಕಸವನ್ನು ಕೈಯಲ್ಲೇ ಬೇರ್ಪಡಿಸುತ್ತಾರೆ. ನಮ್ಮ ಕೂಸಿನ ಹೊಲಸು ಅವರ ಕೈಗೆ ಹತ್ತಬಾರದು ಅಲ್ವಾ?

ಶನಿವಾರ ಸಂಜೆ ಡೆಕ್ಕನ್ ಕ್ವೀನ್‌ನಲ್ಲಿ ಬರುತ್ತೇನೆ. ಅಷ್ಟರಲ್ಲಿ ಮಳೆ ಎರಚಲು ಬೀಳದ ಕಡೆ ಎಷ್ಟು ಅಡಿ ಹಗ್ಗ ಕಟ್ಟಬಹುದು ಅಂತ ಅಳೆದು ತಿಳಿಸು.

ನಿನ್ನ
ಚಿಕ್ಕಮ್ಮ