ಹೆಡತಲೆಯಿಂದ ಹೆಸರಾದ ಪತ್ರಕರ್ತ

ಪ್ರೀತಿಯ ತಂಗಿ,

ನೀನು ಕಳಿಸಿದ ಸಂದರ್ಶನ ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಗೆರೆ ಎಣಿಸುತ್ತಾ ಹೋದೆ. ಆ ಹಿರಿಯ ನೇಕಾರರಿಗಿಂತ ನೀನೇ ಜಾಸ್ತಿ ಮಾತಾಡಿದ್ದೀಯ! ಬೇಜಾರು ಮಾಡಿಕೊಳ್ಳಬೇಡ, ಈ ತಪ್ಪು ನಾನೂ ಮಾಡಿದ್ದೇನೆ. ಮೂವತ್ತು ವರ್ಷದ ಹಿಂದೆ ಒಬ್ಬ ಯಕ್ಷಗಾನ ಕಲಾವಿದರ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಅಚ್ಚಾದ ಪ್ರತಿ ಹಿಡಿದುಕೊಂಡು ಹೆಮ್ಮೆಯಿಂದ ಅವರ ಮನೆಗೇ ಹೋದೆ. ಅವರ ಹೆಂಡತಿ ಪೂರ್ತಿ ಓದಿದರು. ಕಾಫಿ ಲೋಟ ನನ್ನ ಮುಂದಿಟ್ಟು, "ಚೆನ್ನಾಗಿದೆ ಮಾರಾಯ್ರೇ, ಆದರೆ ಇದರಲ್ಲಿ ನಮ್ಮವರು ಎಲ್ಲಿದ್ದಾರೆ?" ಅಂದರು. ಆ ಕಾಫಿ ಗಂಟಲಲ್ಲಿ ಇಳಿಯಲೇ ಇಲ್ಲ.

ಪತ್ರದ ಕೊನೆಯಲ್ಲಿ ಇನ್ನೊಂದು ಮಾತು ಕೇಳಿದ್ದೀಯ. ಪತ್ರಿಕೆ ಬಿಟ್ಟು ಸಚಿವರೊಬ್ಬರ ಮಾಧ್ಯಮ ತಂಡ ಸೇರಬಹುದಾ ಅಂತ. ಎರಡಕ್ಕೂ ಸೇರಿಸಿ ಒಬ್ಬರ ಕತೆ ಹೇಳುತ್ತೇನೆ. ಹೆಸರು ಗುಂಟರ್ ಗೌಸ್. 1929ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹುಟ್ಟಿದವರು.

ಆಗ ಜರ್ಮನಿ ಎರಡಾಗಿ ಒಡೆದಿತ್ತು, ಪೂರ್ವದಲ್ಲಿ ಕಮ್ಯುನಿಸ್ಟ್ ಸರ್ಕಾರ. 1963ರಲ್ಲಿ ಪಶ್ಚಿಮ ಜರ್ಮನಿಯ ಜಡ್‌ಡಿಎಫ್ ಟಿವಿ ಚಾನೆಲ್ ಆಗಷ್ಟೇ ಶುರುವಾಗಿತ್ತು. ಅದರಲ್ಲಿ ಗೌಸ್ ಸಂದರ್ಶನದ ಸರಣಿ ಆರಂಭಿಸಿದರು. ಕ್ಯಾಮೆರಾ ಹೆಚ್ಚಾಗಿ ಎದುರು ಕೂತವರ ಮುಖದ ಮೇಲೇ ಇರುತ್ತಿತ್ತು. ಕೇಳುವವರದು ಕಂಡರೆ ಹೆಡತಲೆ, ಇಲ್ಲವೇ ಬರೀ ದನಿ. ಸುಮಾರು ಒಂದು ಗಂಟೆ ಹೀಗೇ. ಜನ ಆ ಹೆಡತಲೆಯನ್ನೇ ಗುರುತು ಹಿಡಿಯುವಷ್ಟು ಅದು ಪ್ರಸಿದ್ಧವಾಯಿತು. ಈಗಿನ ನಮ್ಮ ಟಿವಿ ನಿರೂಪಕರನ್ನು ಒಂದೇ ಒಂದು ದಿನ ಹಾಗೆ ಕೂರಿಸಿ ನೋಡಬೇಕು ಅಂತ ನನಗೆ ಆಸೆ.

ಹೆಡತಲೆ ತೋರಿಸಿದ್ದಕ್ಕೇ ಅದು ವಿನಯ ಅಂದುಕೊಳ್ಳಬೇಡ. ಗೌಸ್ ಕೇಳುತ್ತಿದ್ದ ಪ್ರಶ್ನೆಗಳು ಉದ್ದ, ಗಟ್ಟಿ. ಮೊದಲೇ ಚೆನ್ನಾಗಿ ಓದಿಕೊಂಡು ಬಂದವರ ಪ್ರಶ್ನೆಗಳು. ಆದರೆ ಕೇಳಿದ ಮೇಲೆ ಸುಮ್ನೆ ಕೂರುತ್ತಿದ್ದರು. 1964ರ ಅಕ್ಟೋಬರ್‌ನಲ್ಲಿ ಹನ್ನಾ ಅರೆಂಟ್ ಜೊತೆಗಿನ ಮಾತುಕತೆ ಪ್ರಸಾರವಾಯಿತು. ಯಹೂದಿ ಹೆಣ್ಣುಮಗಳು, ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದವರು. ಈ ಸರಣಿಗೆ ಬಂದ ಮೊದಲ ಮಹಿಳೆ ನೀವು, ಅದೂ ತತ್ತ್ವಜ್ಞಾನಿ ಅಂತ ಗೌಸ್ ಶುರು ಮಾಡುತ್ತಾರೆ. ನಾನು ತತ್ತ್ವಜ್ಞಾನಿಯೇ ಅಲ್ಲ, ನನ್ನದು ರಾಜಕೀಯ ಸಿದ್ಧಾಂತ ಅಂತ ಆಕೆ ಅಲ್ಲೇ ತಿದ್ದುತ್ತಾರೆ. ಗೌಸ್ ತಾವೇ ಸರಿ ಅಂತ ಭಾಷಣ ಬಿಗಿಯಲಿಲ್ಲ, ಆ ಮಾತನ್ನು ಮರೆಸಲೂ ಇಲ್ಲ. ಯಾಕೆ ಅಲ್ಲ ಅಂತ ಅದನ್ನೇ ಹಿಡಿದು ಮುಂದೆ ಹೋದರು. ಆಮೇಲೆ ಹಿಟ್ಲರ್‌ಗೆ ಮುಂಚಿನ ಯುರೋಪಿನಲ್ಲಿ ನಿಮಗೆ ಏನು ಉಳಿದಿದೆ ಅನ್ನುವ ಮಾತು ಬಂತು. ಉಳಿದಿರುವುದು ತಾಯ್ನುಡಿ ಅಂದರು ಆಕೆ. ಆ ಉತ್ತರ ಇವತ್ತಿಗೂ ಜನರ ಬಾಯಲ್ಲಿದೆ. ನಿನ್ನ ನೇಕಾರರೂ ಮಗ್ಗ ಮಾರಿದ ದಿನದ ಮಾತು ತೆಗೆದಿದ್ದರು, ನೋಡು. ಅಷ್ಟರಲ್ಲಿ ನೀನು ಸರ್ಕಾರದ ಸಬ್ಸಿಡಿ ಬಗ್ಗೆ ಕೇಳಿಬಿಟ್ಟೆ.

ಗೌಸ್ 1969ರಿಂದ ಡೇರ್ ಶ್ಪೀಗಲ್ ವಾರಪತ್ರಿಕೆಯ ಪ್ರಧಾನ ಸಂಪಾದಕರು. ದೇಶದಲ್ಲೇ ಎಲ್ಲರೂ ಹೆದರುವ ಕುರ್ಚಿ ಅದು. ಪಶ್ಚಿಮ ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ವಿಲ್ಲಿ ಬ್ರಾಂಟ್ ಪೂರ್ವ ಜರ್ಮನಿ ಮತ್ತು ಅದರ ಕಡೆಯ ಕಮ್ಯುನಿಸ್ಟ್ ದೇಶಗಳ ಜೊತೆ ಸಂಬಂಧ ಸುಧಾರಿಸಲು ಹೊರಟಿದ್ದರು, ಗೌಸ್ ಅದರ ಪರವಾಗಿದ್ದರು. 1973ರಲ್ಲಿ ಕುರ್ಚಿ ಬಿಟ್ಟು ಸರ್ಕಾರಕ್ಕೆ ಹೋದರು. 1974ರ ಮೇ 2ರಂದು ಪೂರ್ವ ಬರ್ಲಿನ್‌ನಲ್ಲಿ ಪಶ್ಚಿಮ ಜರ್ಮನಿಯ ಕಚೇರಿ ತೆರೆಯಿತು, ಅದಕ್ಕೆ ಇವರೇ ಮೊದಲ ಮುಖ್ಯಸ್ಥರು. ನಾಲ್ಕೇ ದಿನಕ್ಕೆ ಬ್ರಾಂಟ್ ರಾಜೀನಾಮೆ ಕೊಟ್ಟರು. ಅವರ ಹತ್ತಿರದ ಸಹಾಯಕನೇ ಪೂರ್ವ ಜರ್ಮನಿಯ ಗೂಢಚಾರ ಅಂತ ಬಯಲಾಗಿತ್ತು. ಯಾರು ಕಳಿಸಿದರೋ ಅವರೇ ಇಲ್ಲ!

ಆ ಕಚೇರಿಯ ಹೆಸರು ಕೇಳು. ರಾಯಭಾರ ಕಚೇರಿ ಅನ್ನುವಂತಿಲ್ಲ. ಪೂರ್ವ ಜರ್ಮನಿ ಪರದೇಶ ಅಲ್ಲವೇ ಅಲ್ಲ ಅನ್ನುವುದು ಪಶ್ಚಿಮದ ವಾದ. ಅದಕ್ಕೇ "ಖಾಯಂ ಪ್ರತಿನಿಧಿ ಕಚೇರಿ" ಅಂತ ಬೋರ್ಡು. ಅದು ವಿದೇಶಾಂಗ ಇಲಾಖೆಗೆ ಸೇರಿರಲಿಲ್ಲ, ಚಾನ್ಸಲರ್ ಕಚೇರಿಯ ಕೆಳಗಿತ್ತು. ಪೂರ್ವದವರಿಗೋ ತಮ್ಮದು ಬೇರೆ ದೇಶವೇ, ಹಾಗಾಗಿ ಅವರು ವಿದೇಶಾಂಗ ಇಲಾಖೆಯವರನ್ನೇ ಎದುರು ಕೂರಿಸುತ್ತಿದ್ದರು. ಒಂದೇ ಮೇಜು, ಎರಡು ನಿಘಂಟು. ನಡುವೆ ರಸ್ತೆ, ದುಡ್ಡಿನ ಲೆಕ್ಕದ ಮಾತು. ಬರ್ಲಿನ್‌ನಿಂದ ಹ್ಯಾಂಬರ್ಗ್‌ಗೆ ಹೆದ್ದಾರಿ ಮಾಡುವ ಒಪ್ಪಂದ 1978ರಲ್ಲಿ ಆದದ್ದು ಹೀಗೇ.

ಗೌಸ್ ಪೂರ್ವದಲ್ಲಿ ಸುತ್ತಾಡಿದರು, ಜನರ ಮನೆಯಲ್ಲಿ ಕೂತರು. ಅಲ್ಲಿನವರು ಹೊರಗೆ ಘೋಷಣೆ ಕೂಗಿ, ಒಳಗೆ ತೋಟ, ಗೆಳೆಯರು, ಪುಸ್ತಕ ಅಂತ ತಮ್ಮದೇ ಒಂದು ಮೂಲೆ ಮಾಡಿಕೊಂಡು ಬದುಕುವುದು ಕಂಡಿತು. ಹಿಂದಿರುಗಿದ ಮೇಲೆ ಆ ದೇಶವನ್ನು "ಗೂಡುಗಳ ಸಮಾಜ" ಅಂತ ಕರೆದರು. ಗೋಡೆಯಲ್ಲಿ ದೀಪ ಇಡುವ ಗೂಡು ಇರುತ್ತದಲ್ಲ, ಹಾಗೆ. ಪದ ನಿಂತಿತು. ನನಗೆ ಅದು ಸ್ವಲ್ಪ ಮೆತ್ತಗಾಯಿತು ಅನಿಸುತ್ತದೆ. ರಹಸ್ಯ ಪೊಲೀಸರ ಕಿವಿ ಆ ಗೂಡಿನೊಳಗೂ ಇತ್ತು. ಪೂರ್ವವನ್ನು ತೀರಾ ಅಕ್ಕರೆಯಿಂದ ನೋಡಿದರು ಅನ್ನುವ ಟೀಕೆ ಅವರ ಬೆನ್ನು ಬಿಡಲಿಲ್ಲ.

ಇನ್ನೊಂದು ಪದ ಕೈತಪ್ಪಿಯೇ ಹೋಯಿತು. "ತಡವಾಗಿ ಹುಟ್ಟಿದ ಪುಣ್ಯ" ಅನ್ನುವುದು ಗೌಸ್ ಮಾತು. ನಾಜಿ ಕಾಲದಲ್ಲಿ ನಾವು ಪಾಪ ಮಾಡದಿದ್ದದ್ದು ನಮ್ಮ ಹೆಚ್ಚುಗಾರಿಕೆ ಅಲ್ಲ, ಆಗ ಚಿಕ್ಕವರಿದ್ದೆವು ಅಷ್ಟೇ ಅನ್ನುವುದು ಅವರ ಅರ್ಥ. 1984ರಲ್ಲಿ ಚಾನ್ಸಲರ್ ಹೆಲ್ಮುಟ್ ಕೋಲ್ ಇಸ್ರೇಲ್‌ನಲ್ಲಿ ಅದನ್ನೇ ಬಳಸಿದರು. ನಮಗೆ ಆ ಹೊಣೆ ಇಲ್ಲ ಅನ್ನುವ ಹಾಗೆ ಅನೇಕರಿಗೆ ಕೇಳಿಸಿತು. ಮಾತು ಕೋಲ್ ಹೆಸರಿಗೇ ಅಂಟಿಕೊಂಡಿತು. ಸಚಿವರಿಗೆ ಭಾಷಣ ಬರೆದುಕೊಡಲು ಹೊರಟವಳು ಇದನ್ನು ತಿಳಿದಿರಬೇಕು, ಅಲ್ವಾ?

1981ರಲ್ಲಿ ಆ ಹುದ್ದೆ ಮುಗಿಯಿತು. ಪಶ್ಚಿಮ ಬರ್ಲಿನ್‌ನ ಸರ್ಕಾರದಲ್ಲಿ ಕೆಲವು ತಿಂಗಳು ವಿಜ್ಞಾನ ಖಾತೆ ನೋಡಿಕೊಂಡರು, ಆಮೇಲೆ ಬರವಣಿಗೆಗೆ ಮರಳಿದರು. ಪೂರ್ವ, ಪಶ್ಚಿಮವನ್ನು ಬೇರೆ ಮಾಡಿದ್ದ ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರಲ್ಲಿ, ಪೂರ್ವದ ಟಿವಿಯಲ್ಲಿ ಮತ್ತೆ ಅದೇ ಹೆಡತಲೆ! ಬ್ರಾಂಟ್ ಅವರದೇ ಪಕ್ಷವಾದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದಲ್ಲಿದ್ದರು, 2001ರಲ್ಲಿ ಅದನ್ನು ಬಿಟ್ಟರು. 2004ರಲ್ಲಿ ಹ್ಯಾಂಬರ್ಗ್‌ನಲ್ಲಿ ತೀರಿಕೊಂಡರು.

ಕೆಲಸದ ವಿಷಯದಲ್ಲಿ ಬೇಡ ಅನ್ನಲಾರೆ. ಗೌಸ್ ಹೋದದ್ದು ತಾವು ಮೊದಲೇ ನಂಬಿದ್ದ ಒಂದು ಕೆಲಸಕ್ಕೆ. ನಿನ್ನ ಪತ್ರದಲ್ಲಿ ಸಂಬಳ ಇದೆ, ಕಾರು ಇದೆ. ಆ ಸಚಿವರು ಏನು ಮಾಡಲು ಹೊರಟಿದ್ದಾರೆ ಅನ್ನುವುದೇ ಇಲ್ಲ. ಅದನ್ನು ಬರೆ, ಆಮೇಲೆ ಮಾತಾಡೋಣ.

ನೇಕಾರರ ಲೇಖನ ತಿದ್ದಿ ಕಳಿಸಬೇಡ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದೀಯಲ್ಲ, ಅದನ್ನೇ ಕಳಿಸು. ಮಗ್ಗ ಮಾರಿದ ಮಾತು ಬಂದಾಗ ಅವರು ಎಷ್ಟು ಹೊತ್ತು ಸುಮ್ಮನಿದ್ದರು ಅಂತ ನಾನು ಕೇಳಬೇಕು.

ಇಂತಿ,
ನಿನ್ನ ಅಣ್ಣ